ನಡುವೆ ಬಂದು ಸೇರಿದವರಿಗೆ

(ಬೇರೆ ವಿಶ್ವವಿದ್ಯಾಲಯಗಳಿಂದ ಟ್ರಾನ್ಸ್‌ಫರ್ ಆಗಿ ಬಂದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ನೀವೆಲ್ಲ ಬೇರೆ ಬೇರೆ ಕಡೆಯಿಂದ ಬಂದವರು. ಕೆಲವರು ಅಲ್ಲಿ ಒಂದು ವರ್ಷ ಓದಿ ಬಂದಿದ್ದೀರಿ, ಕೆಲವರು ಎರಡು ವರ್ಷ. ಬಂದ ಕಾರಣಗಳೂ ಬೇರೆ ಬೇರೆ. ಬೇಕಾದ ವಿಷಯ ಅಲ್ಲಿರಲಿಲ್ಲ, ಮನೆಯವರಿಗೆ ವರ್ಗವಾಯಿತು, ಖರ್ಚು ತೂಗಿಸಲು ಆಗಲಿಲ್ಲ, ಮೊದಲ ಸಲ ಸಿಗದ ಸೀಟು ಈಗ ಸಿಕ್ಕಿತು. ಆದರೆ ಇನ್ನು ಎರಡು ಮೂರು ತಿಂಗಳಲ್ಲಿ ನಿಮ್ಮಲ್ಲಿ ಬಹಳ ಜನರ ತಲೆಯಲ್ಲಿ ಒಂದೇ ಯೋಚನೆ ಸುಳಿಯುತ್ತದೆ. 'ಇಲ್ಲಿ ನನ್ನ ಕೈಲಿ ಆಗಲ್ಲವೇನೋ.' ಇವತ್ತು ನಾನು ಮಾತಾಡುವುದು ಈ ಯೋಚನೆಯ ಬಗ್ಗೆ. ಅದು ಯಾಕೆ ಬರುತ್ತದೆ, ಅದರಲ್ಲಿ ನಿಜ ಎಷ್ಟು, ಬಂದಾಗ ಏನು ಮಾಡಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟ್ರಾನ್ಸ್‌ಫರ್ ಆಗಿ ಬಂದವರ ಬುದ್ಧಿಗೆ ಏನೂ ಕೊರತೆ ಇಲ್ಲ. ಕೊರತೆ ಇರುವುದು ಎರಡೇ. ಒಂದು, ಈ ಜಾಗದ ಬಗ್ಗೆ ಮಾಹಿತಿ. ಇನ್ನೊಂದು, ಇಲ್ಲಿನ ಜನರ ಜೊತೆ ಕಳೆದ ಹೊತ್ತು. ಮೊದಲಿನಿಂದ ಇಲ್ಲೇ ಇರುವವರಿಗೆ ಇವೆರಡೂ ಮೊದಲ ವರ್ಷದಲ್ಲಿ ತಾವಾಗೇ ಸಿಕ್ಕಿವೆ. ನೀವು ಬೇಕಂತಲೇ ಹೋಗಿ ಸಂಪಾದಿಸಬೇಕು. ರೂಮಿನ ಬಾಗಿಲು ಹಾಕಿಕೊಂಡು ಎಷ್ಟು ಓದಿದರೂ ಇವು ಬರುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಯಾಕೆಂದರೆ ಅಂಕ ಕಮ್ಮಿ ಬಂದಾಗ ನಾವೆಲ್ಲ ಮೊದಲು ಮಾಡುವ ಕೆಲಸ ಬಾಗಿಲು ಹಾಕಿಕೊಂಡು ಓದುವುದೇ, ಅಲ್ವಾ?

ಅಂಕ ಇಳಿಯುತ್ತದೆ, ಅದಕ್ಕೊಂದು ಹೆಸರೂ ಇದೆ

1965ರಲ್ಲಿ ಜಾನ್ ಹಿಲ್ಸ್ ಎಂಬ ಅಮೆರಿಕದ ಸಂಶೋಧಕರು ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದರು. ಎರಡು ವರ್ಷದ ಕಾಲೇಜುಗಳಿಂದ ನಾಲ್ಕು ವರ್ಷದ ವಿಶ್ವವಿದ್ಯಾಲಯಗಳಿಗೆ ಹೋದವರ ಅಂಕ ಏನಾಗುತ್ತದೆ ಎನ್ನುವುದು ಅವರ ಪ್ರಶ್ನೆ. ಹೋದ ಮೊದಲ ಅವಧಿಯಲ್ಲಿ ಅಂಕ ಇಳಿಯುವುದು ಮತ್ತೆ ಮತ್ತೆ ಕಂಡಿತು. ಅದಕ್ಕೆ ಅವರು 'ಟ್ರಾನ್ಸ್‌ಫರ್ ಶಾಕ್' ಎಂದು ಹೆಸರಿಟ್ಟರು. ಈ ಹೆಸರು ಇವತ್ತಿಗೂ ಉಳಿದಿದೆ.

ಹೆಸರು ಕೇಳಿ ಹೆದರಬೇಡಿ. 1992ರಲ್ಲಿ ಡಯಾಜ್ ಎಂಬುವರು ಇಂಥ 62 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಶೇ. 79ರಷ್ಟು ಅಧ್ಯಯನಗಳಲ್ಲಿ ಅಂಕ ಇಳಿದಿತ್ತು, ನಿಜ. ಆದರೆ ಹೆಚ್ಚಿನ ಕಡೆ ಇಳಿದದ್ದು, ಅಲ್ಲಿನ ನಾಲ್ಕರ ಅಳತೆಯಲ್ಲಿ, ಅರ್ಧ ಗ್ರೇಡ್ ಪಾಯಿಂಟ್ ಅಥವಾ ಅದಕ್ಕೂ ಕಮ್ಮಿ. ಇಳಿದ ಅಂಕ ಮತ್ತೆ ಮೇಲೆ ಬಂದದ್ದೂ ಆ ಅಧ್ಯಯನಗಳಲ್ಲಿ ಮೂರನೇ ಎರಡರಷ್ಟರಲ್ಲಿ ಕಂಡಿತು. ಸಾಮಾನ್ಯವಾಗಿ ಒಂದು ವರ್ಷದೊಳಗೆ.

ಬುದ್ಧಿ ಕಮ್ಮಿ ಇದ್ದವರ ಅಂಕ ಒಂದೇ ವರ್ಷದಲ್ಲಿ ಹೀಗೆ ವಾಪಸ್ ಬರುವುದಿಲ್ಲ. ಜಾಗ ಗೊತ್ತಿಲ್ಲದವರ ಅಂಕ ಮಾತ್ರ ಜಾಗ ಗೊತ್ತಾದ ಮೇಲೆ ವಾಪಸ್ ಬರುತ್ತದೆ. ಹಾಗಾಗಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಮೊದಲ ಸೆಮಿಸ್ಟರ್‌ನ ಫಲಿತಾಂಶ ಕೈಯಲ್ಲಿ ಹಿಡಿದುಕೊಂಡು ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ. ವಿಷಯ ಬಿಡುವುದು, ಕೋರ್ಸ್ ಬಿಡುವುದು, 'ನನಗೆ ಗಣಿತ ಒಗ್ಗಲ್ಲ' ಅಂತ ಹಣೆಪಟ್ಟಿ ಕಟ್ಟಿಕೊಳ್ಳುವುದು, ಇವೆಲ್ಲ ಎರಡನೇ ಸೆಮಿಸ್ಟರ್ ಮುಗಿಯುವವರೆಗೆ ಕಾಯಬಹುದು.

ಯಾರೂ ಬರೆದಿಡದ ಮಾಹಿತಿ

ಮಾಹಿತಿ ಕಮ್ಮಿ ಎಂದೆ. ಅದು ಹೇಗೆ ಕೆಲಸ ಕೆಡಿಸುತ್ತದೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ.

ಸಂಖ್ಯಾಶಾಸ್ತ್ರದ ಎರಡನೇ ಕೋರ್ಸಿಗೆ ನೀವು ಬಂದು ಕೂತಿದ್ದೀರಿ. ಮೊದಲನೇ ಕೋರ್ಸನ್ನು ಹಳೆಯ ಕಡೆ ಒಳ್ಳೆಯ ಅಂಕದಲ್ಲಿ ಪಾಸು ಮಾಡಿದ್ದೀರಿ. ಅಲ್ಲಿ ಮೊದಲನೇ ಕೋರ್ಸಿನಲ್ಲಿ ಸಂಭವನೀಯತೆ ಪೂರ್ತಿ ಮುಗಿಸಿದ್ದರು, ರಿಗ್ರೆಶನ್ ಅನ್ನು ಎರಡನೇ ಕೋರ್ಸಿಗೆ ಇಟ್ಟಿದ್ದರು. ಇಲ್ಲಿ ರಿಗ್ರೆಶನ್ ಮೊದಲನೇ ಕೋರ್ಸಿನಲ್ಲೇ ಆಗಿಹೋಗಿದೆ. ಎರಡು ಕೋರ್ಸುಗಳ ಹೆಸರೂ ಒಂದೇ, ಕ್ರೆಡಿಟ್ (ಕೋರ್ಸಿನ ಓದು ಎಷ್ಟು ಅಂತ ಅಳೆಯುವ ಅಂಕಿ) ಕೂಡ ಒಂದೇ. ಮೊದಲ ದಿನ ಮೇಷ್ಟ್ರು 'ರಿಗ್ರೆಶನ್ ನಿಮಗೆಲ್ಲ ಗೊತ್ತೇ ಇದೆ' ಎಂದು ಮುಂದಕ್ಕೆ ಹೋಗುತ್ತಾರೆ. ಸುತ್ತ ಕೂತವರೆಲ್ಲ ತಲೆಯಾಡಿಸುತ್ತಾರೆ. ನಿಮಗೊಬ್ಬರಿಗೇ ಏನೂ ಅರ್ಥವಾಗುವುದಿಲ್ಲ. ಆ ಕ್ಷಣದಲ್ಲಿ 'ಇವರೆಲ್ಲ ನನಗಿಂತ ಎಷ್ಟು ಜಾಣರು' ಅನ್ನಿಸದೆ ಇರುತ್ತದಾ? ನಡೆದದ್ದು ಇಷ್ಟೇ. ಅವರು ಓದಿದ ಒಂದು ಅಧ್ಯಾಯ ನೀವು ಓದಿಲ್ಲ. ಒಂದು ವಾರ ಕೂತರೆ ಮುಗಿಯುವ ಕೆಲಸ. ಆದರೆ ಅದು ಅಧ್ಯಾಯದ ಸಮಸ್ಯೆ ಅಂತ ನಿಮಗೆ ಯಾರೂ ಹೇಳುವುದಿಲ್ಲ, ಯಾಕೆಂದರೆ ಬೇರೆ ಯಾರಿಗೂ ಅದು ಗೊತ್ತಿಲ್ಲ.

ಇದಕ್ಕೆ ಒಂದು ಸಂಜೆಯ ಕೆಲಸ ಇದೆ. ನೀವು ಈ ಸಲ ತೆಗೆದುಕೊಂಡಿರುವ ಪ್ರತಿ ಕೋರ್ಸಿಗೂ ಹಿಂದಿನ ಕೋರ್ಸ್ ಯಾವುದು ಅಂತ ನೋಡಿ. ಆ ಹಿಂದಿನ ಕೋರ್ಸಿನ ಇಲ್ಲಿನ ಸಿಲಬಸ್ ತನ್ನಿ, ಹಳೆಯ ಪ್ರಶ್ನೆಪತ್ರಿಕೆ ಸಿಕ್ಕರೆ ಅದನ್ನೂ ತನ್ನಿ. ಪಕ್ಕದಲ್ಲಿ ನಿಮ್ಮ ಹಳೆಯ ಸಿಲಬಸ್ ಇಟ್ಟುಕೊಳ್ಳಿ. ಒಂದೊಂದೇ ಘಟಕ ಹೋಲಿಸುತ್ತಾ ಹೋಗಿ. ಇಲ್ಲಿ ಇದ್ದು ಅಲ್ಲಿ ಇಲ್ಲದ್ದಕ್ಕೆ ಗೆರೆ ಎಳೆಯಿರಿ. ನಾನು ನೋಡಿದ ಮಟ್ಟಿಗೆ ಗೆರೆ ಬೀಳುವ ಜಾಗಗಳು ಕೆಲವೇ ಇರುತ್ತವೆ. ಆದರೆ ಅವು ಯಾವುವು ಅಂತ ತಿಳಿದ ಮೇಲೆ ಮನಸ್ಸಿಗೆ ಬಹಳ ಹಗುರವಾಗುತ್ತದೆ. 'ನನಗೆ ಏನೂ ಬರಲ್ಲ' ಅನ್ನುವುದು ಹೋಗಿ 'ನನಗೆ ಈ ಮೂರು ವಿಷಯ ಬರಲ್ಲ' ಅನ್ನುವ ಜಾಗಕ್ಕೆ ಬರುತ್ತೀರಿ. ಆ ಪಟ್ಟಿ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋಗಬಹುದು. ಹೀಗೆ ಪಟ್ಟಿ ತಂದ ವಿದ್ಯಾರ್ಥಿಯನ್ನು ಸುಮ್ಮನೆ ವಾಪಸ್ ಕಳಿಸುವ ಮೇಷ್ಟ್ರು ಅಪರೂಪ.

ಇನ್ನೂ ಸಣ್ಣ ಸಣ್ಣ ವಿಷಯಗಳಿವೆ. ಲ್ಯಾಬ್ ರೆಕಾರ್ಡ್ ಯಾವ ರೀತಿ ಬರೆಯಬೇಕು, ಉತ್ತರದಲ್ಲಿ ಹಂತ ಹಂತವಾಗಿ ತೋರಿಸಿದರೆ ಅಂಕ ಕೊಡುತ್ತಾರಾ, ಅಸೈನ್ಮೆಂಟ್ ಒಂದು ದಿನ ತಡವಾದರೆ ತೆಗೆದುಕೊಳ್ಳುತ್ತಾರಾ, ಅಟೆಂಡೆನ್ಸ್ ಲೆಕ್ಕ ಹೇಗೆ. ಇವೆಲ್ಲ ನಿಯಮ ಪುಸ್ತಕದಲ್ಲಿ ಇರುವುದಕ್ಕಿಂತ ಸೀನಿಯರ್‌ಗಳ ಬಾಯಲ್ಲಿ ಇರುವುದೇ ಜಾಸ್ತಿ. ಇದಕ್ಕೆ ಆಪ್ತ ಸ್ನೇಹಿತರೇ ಬೇಕಿಲ್ಲ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಒಂದು ಪ್ರಸಿದ್ಧ ಪ್ರಬಂಧ ಬರೆದರು. ಹೊಸ ಮಾಹಿತಿ ನಮಗೆ ಹತ್ತಿರದವರಿಗಿಂತ ದೂರದ ಪರಿಚಯದವರಿಂದ ಸಿಗುವುದೇ ಹೆಚ್ಚು ಎನ್ನುವುದು ಅದರ ಸಾರ. ಹತ್ತಿರದವರಿಗೆ ಗೊತ್ತಿರುವುದು ಹೆಚ್ಚು ಕಮ್ಮಿ ನಮಗೂ ಗೊತ್ತಿರುತ್ತದೆ, ಪರಿಚಯದವರು ಬೇರೆ ಕಡೆ ಓಡಾಡುವವರು. ಹಾಗಾಗಿ ನಕ್ಕು ಎರಡು ಮಾತಾಡುವಷ್ಟು ಪರಿಚಯವನ್ನು ಕಡೆಗಣಿಸಬೇಡಿ. ಲೈಬ್ರರಿ ಕೌಂಟರಿನಲ್ಲಿ ಇರುವವರು, ಲ್ಯಾಬ್ ಸಹಾಯಕರು, ವಿಭಾಗದ ಆಫೀಸಿನಲ್ಲಿ ಕೂರುವ ಗುಮಾಸ್ತರು, ಇವರಿಗೆ ಗೊತ್ತಿರುವಷ್ಟು ಈ ಜಾಗದ ವಿಷಯ ಪ್ರೊಫೆಸರ್‌ಗಳಿಗೂ ಗೊತ್ತಿರುವುದಿಲ್ಲ. ಅವರ ಹೆಸರು ಕೇಳಿ ತಿಳಿದುಕೊಳ್ಳಿ.

ಕ್ರೆಡಿಟ್ ಹಾಳೆಯನ್ನು ಓದುವುದು

ಈ ಭಾಗ ಬೇಜಾರು ಅನ್ನಿಸಬಹುದು. ಆದರೂ ಹೇಳಲೇಬೇಕು, ಯಾಕೆಂದರೆ ಇಲ್ಲಿ ತಪ್ಪಿದರೆ ಒಂದು ಸೆಮಿಸ್ಟರೇ ಹೋಗುತ್ತದೆ.

2017ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು ಎಂದು ಅದರ ಅಂದಾಜು. ಯುರೋಪಿನಲ್ಲಿ ಇದೇ ತೊಂದರೆ ತಪ್ಪಿಸಲು 1989ರಲ್ಲಿ ಇಸಿಟಿಎಸ್ ಎಂಬ ಕ್ರೆಡಿಟ್ ವ್ಯವಸ್ಥೆ ತಂದರು. ಒಂದು ಪೂರ್ತಿ ವರ್ಷದ ಓದಿಗೆ 60 ಕ್ರೆಡಿಟ್, ಯಾವ ದೇಶದಲ್ಲಿ ಓದಿದರೂ ಅದೇ ಲೆಕ್ಕ. ಭಾರತದಲ್ಲಿ ಯುಜಿಸಿ 2021ರಲ್ಲಿ, ವಿದ್ಯಾರ್ಥಿಗಳ ಕ್ರೆಡಿಟ್ ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ ನಿಯಮ ಮಾಡಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ಇವು ಕ್ರೆಡಿಟ್ಟಿನ ಸಂಖ್ಯೆಯನ್ನು ಇಲ್ಲಿಂದ ಅಲ್ಲಿಗೆ ಸಾಗಿಸುತ್ತವೆ. ಆ ಕ್ರೆಡಿಟ್ ನಿಮ್ಮ ಪದವಿಯ ಯಾವ ಖಾನೆಗೆ ಬೀಳುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ. ಅದನ್ನು ತೀರ್ಮಾನಿಸುವವರು ನೀವು ಬಂದು ಸೇರಿದ ಕಡೆಯವರು.

ನಿಮಗೆ ಕೊಟ್ಟಿರುವ ಹಾಳೆಯನ್ನು ಒಮ್ಮೆ ತೆಗೆದು ನೋಡಿ. ಎಡಗಡೆ ನಿಮ್ಮ ಹಳೆಯ ಕೋರ್ಸಿನ ಹೆಸರು ಮತ್ತು ಕ್ರೆಡಿಟ್. ಬಲಗಡೆ ಇಲ್ಲಿ ಅದಕ್ಕೆ ಸಮ ಅಂತ ಒಪ್ಪಿಕೊಂಡ ಕೋರ್ಸು. ಬಲಗಡೆ ಇಲ್ಲಿನ ಒಂದು ನಿರ್ದಿಷ್ಟ ಕೋರ್ಸಿನ ಕೋಡ್ ಇದ್ದರೆ ಒಳ್ಳೆಯದು, ಆ ಕೋರ್ಸನ್ನು ನೀವು ಮತ್ತೆ ಓದಬೇಕಿಲ್ಲ. ಆದರೆ ಕೋಡ್ ಇರುವ ಜಾಗದಲ್ಲಿ 'ಎಲೆಕ್ಟಿವ್', ಅಂದರೆ ಐಚ್ಛಿಕ ಕೋರ್ಸು, ಅಂತ ಮಾತ್ರ ಇದ್ದರೆ ಹುಷಾರಾಗಿರಿ. ನಿಮ್ಮ ಕ್ರೆಡಿಟ್ ಸೇರಿದೆ, ಒಟ್ಟು ಮೊತ್ತದಲ್ಲೂ ಕಾಣುತ್ತದೆ. ಆದರೆ ಮುಖ್ಯ ವಿಷಯದ ಆ ಕಡ್ಡಾಯ ಕೋರ್ಸು ಇನ್ನೂ ಬಾಕಿ ಇದೆ. ಮೊತ್ತ ಸರಿ ಇರುವುದರಿಂದ ಯಾರಿಗೂ ಇದು ಕಣ್ಣಿಗೆ ಬೀಳುವುದಿಲ್ಲ. ಕೊನೆಯ ವರ್ಷದಲ್ಲಿ ಪದವಿಗೆ ಅರ್ಜಿ ಹಾಕಿದಾಗ ಬೀಳುತ್ತದೆ.

ಇಂಥ ಸಾಲುಗಳಿದ್ದರೆ ಈಗಲೇ ಮರುಪರಿಶೀಲನೆಗೆ ಕೇಳಿ. ಕೇಳುವಾಗ ಹಳೆಯ ಕೋರ್ಸಿನ ಪೂರ್ತಿ ಸಿಲಬಸ್ ಜೊತೆಗಿರಲಿ. ಯಾವ ಪಠ್ಯಪುಸ್ತಕ, ವಾರಕ್ಕೆ ಎಷ್ಟು ಗಂಟೆ, ಲ್ಯಾಬ್ ಇತ್ತಾ ಎನ್ನುವುದೂ ಇರಲಿ. ಬರೀ ಕೋರ್ಸಿನ ಹೆಸರು ನೋಡಿ ಯಾರೂ ಸಮ ಅಂತ ಒಪ್ಪುವುದಿಲ್ಲ, ಸಿಲಬಸ್ ನೋಡಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ 'ಆಗುತ್ತೆ ಬಿಡಿ' ಅಂದವರು ಎರಡು ವರ್ಷದ ಮೇಲೆ ಅದೇ ಕುರ್ಚಿಯಲ್ಲಿ ಇರುತ್ತಾರೆ ಅಂತ ಹೇಳಲಾಗುವುದಿಲ್ಲ.

ಗುಂಪುಗಳು ಆಗಲೇ ಆಗಿಹೋಗಿವೆ

ಲ್ಯಾಬಿನ ಮೊದಲ ದಿನ. 'ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಳ್ಳಿ' ಎನ್ನುತ್ತಾರೆ. ಯಾರೂ ಮಾತೇ ಆಡುವುದಿಲ್ಲ, ಬರೀ ಕಣ್ಣಲ್ಲೇ ಎಲ್ಲ ತೀರ್ಮಾನವಾಗುತ್ತದೆ. ಬ್ಯಾಗುಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಅರ್ಧ ನಿಮಿಷದಲ್ಲಿ ಗುಂಪು ಸಿದ್ಧ. ನೀವು ಮಾತ್ರ ರೆಕಾರ್ಡ್ ಪುಸ್ತಕ ಎದೆಗೆ ಅವಚಿಕೊಂಡು ನಿಂತಿರುತ್ತೀರಿ. ಕೊನೆಗೆ ಮೇಷ್ಟ್ರು 'ಇವರನ್ನು ಯಾರಾದರೂ ಸೇರಿಸಿಕೊಳ್ಳಿ' ಎನ್ನುತ್ತಾರೆ. ಆ ಮಾತು ಚುಚ್ಚುತ್ತದೆ. ನನಗೂ ವಿದ್ಯಾರ್ಥಿಯಾಗಿದ್ದಾಗ ಆ ಮಾತು ಚುಚ್ಚಿದೆ.

ಆದರೆ ಆ ಕೋಣೆಯಲ್ಲಿ ಯಾರೂ ನಿಮ್ಮನ್ನು ಬೇಡ ಅಂದಿಲ್ಲ. ಅವರು ಕಳೆದ ವರ್ಷದ ಅಭ್ಯಾಸದಲ್ಲೇ ಎದ್ದು ಹೋದರು, ಅಷ್ಟೇ. ಸ್ನೇಹ ಹೇಗೆ ಹುಟ್ಟುತ್ತದೆ ಅಂತ ನೋಡಿದವರು ಹೇಳುವುದೂ ಇದನ್ನೇ. 1950ರಲ್ಲಿ ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಇಬ್ಬರು ಜೊತೆಗಾರರು ಅಮೆರಿಕದ ಎಂಐಟಿಯ ವಿದ್ಯಾರ್ಥಿ ವಸತಿಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಯಾರು ಯಾರಿಗೆ ಸ್ನೇಹಿತರಾದರು ಅಂತ ನೋಡಿದರೆ, ಪಕ್ಕದ ಬಾಗಿಲಿನವರೇ ಹೆಚ್ಚು. ಕೆಳಗಿನ ಮಹಡಿಯಲ್ಲಿ ಮೆಟ್ಟಿಲ ಬುಡದಲ್ಲಿ ಮನೆ ಇದ್ದವರಿಗೆ ಮೇಲಿನ ಮಹಡಿಯಲ್ಲೂ ಸ್ನೇಹಿತರು ಜಾಸ್ತಿ ಇದ್ದರು. ಅವರು ಮಾತುಗಾರರು ಅಂತಲ್ಲ. ಮೇಲಿನವರು ದಿನಾ ಅವರ ಬಾಗಿಲ ಮುಂದೆ ಹಾದುಹೋಗುತ್ತಿದ್ದರು.

ನನಗೆ ಇದು ದೊಡ್ಡ ಸಮಾಧಾನ ಕೊಟ್ಟ ವಿಷಯ. ನಾಚಿಕೆ ಸ್ವಭಾವದವರು ತಮ್ಮ ಸ್ವಭಾವ ಬದಲಿಸಿಕೊಳ್ಳಬೇಕಿಲ್ಲ. ಕೂರುವ ಜಾಗ ಬದಲಿಸಿಕೊಂಡರೆ ಸಾಕು. ಲೈಬ್ರರಿಯಲ್ಲಿ ದಿನಾ ಅದೇ ಹೊತ್ತಿಗೆ ಅದೇ ಮೇಜಿಗೆ ಹೋಗಿ. ಕ್ಲಾಸಿನಲ್ಲಿ ಹಿಂದಿನ ಮೂಲೆ ಬಿಟ್ಟು ಜನ ಓಡಾಡುವ ಕಡೆ ಕೂತುಕೊಳ್ಳಿ. ವಾರಕ್ಕೊಮ್ಮೆ ಸೇರುವ ಯಾವುದಾದರೂ ಒಂದು ತಂಡ ಆರಿಸಿಕೊಳ್ಳಿ. ನಾಟಕ, ಓಟ, ಚರ್ಚಾಕೂಟ, ಯಾವುದಾದರೂ ಆಗಲಿ. ಐದು ಕಡೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಕಡೆ ಬಿಡದೆ ಹೋಗುವುದು ಮೇಲು.

ಎಷ್ಟು ಹೊತ್ತು ಬೇಕು? ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಪರಿಚಯದವರು ಮೇಲುಮೇಲಿನ ಸ್ನೇಹಿತರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಆಪ್ತ ಸ್ನೇಹಕ್ಕೆ 200 ಗಂಟೆಗಿಂತ ಜಾಸ್ತಿ. ಅದರಲ್ಲೂ ಕೆಲಸದ ಸಲುವಾಗಿ ಒಟ್ಟಿಗಿದ್ದ ಹೊತ್ತಿಗೆ ಅಷ್ಟು ಬಲ ಇಲ್ಲ, ಸುಮ್ನೆ ಹರಟಿದ ಹೊತ್ತಿಗೆ ಬಲ ಜಾಸ್ತಿ. ಈಗ ನೀವೇ ಗುಣಿಸಿ ನೋಡಿ. ಒಬ್ಬರ ಜೊತೆ ವಾರಕ್ಕೆ ಎರಡು ಗಂಟೆ ಕಳೆದರೆ 50 ಗಂಟೆಗೆ 25 ವಾರ ಬೇಕು. ಒಂದು ಸೆಮಿಸ್ಟರ್ ಅದಕ್ಕಿಂತ ಚಿಕ್ಕದು. ಅಂದರೆ ಆರನೇ ವಾರದಲ್ಲಿ 'ನನಗೆ ಇಲ್ಲಿ ಯಾರೂ ಇಲ್ಲ' ಅನ್ನಿಸಿದರೆ ಅದು ನಿಮ್ಮ ತಪ್ಪಲ್ಲ, ಅವರ ತಪ್ಪೂ ಅಲ್ಲ. ಗಂಟೆಗಳು ಇನ್ನೂ ತುಂಬಿಲ್ಲ.

ಹಳೆಯ ಸ್ನೇಹಿತರ ಬಗ್ಗೆ ಒಂದು ಮಾತು. ಅವರನ್ನು ಬಿಡಿ ಅಂತ ನಾನು ಹೇಳಲಾರೆ. ಕಷ್ಟದ ದಿನ ಫೋನ್ ಮಾಡಲು ಅವರೇ ಬೇಕು. ಆದರೆ ಪ್ರತಿ ಸಂಜೆಯೂ ಅವರ ಜೊತೆ ಫೋನಿನಲ್ಲೇ ಕಳೆದರೆ ಇಲ್ಲಿನ ಗಂಟೆಗಳು ತುಂಬುವುದು ಯಾವಾಗ? ಹಾಗೆಯೇ 'ನಮ್ಮ ಹಳೆ ಕಾಲೇಜಲ್ಲಿ ಹೀಗಿರಲಿಲ್ಲ' ಎನ್ನುವ ಮಾತು ದಿನಾ ಬಂದರೆ ಕೇಳುವವರು ದೂರ ಸರಿಯುತ್ತಾರೆ. ಅದೇ ಮಾತನ್ನು 'ಅಲ್ಲಿ ಈ ಲೆಕ್ಕವನ್ನು ಬೇರೆ ಥರ ಹೇಳಿಕೊಟ್ಟಿದ್ದರು, ತೋರಿಸಲಾ?' ಅಂತ ತಿರುಗಿಸಿ ನೋಡಿ, ಜನ ಹತ್ತಿರ ಬರುತ್ತಾರೆ. ಎರಡು ಕಡೆಯ ಪಾಠ ಕೇಳಿದವರು ಈ ಕ್ಲಾಸಿನಲ್ಲಿ ನೀವು ಮಾತ್ರ. ಫ್ರಾಂಕಿ ಸಾಂಟೋಸ್ ಲಾನನ್ ಎಂಬ ವಿದ್ವಾಂಸರು ಟ್ರಾನ್ಸ್‌ಫರ್ ವಿದ್ಯಾರ್ಥಿಗಳು ಜೊತೆಗೆ ತರುವ ತಿಳಿವಳಿಕೆಯನ್ನು ಒಂದು ಬಂಡವಾಳ ಎಂದೇ ಕರೆದಿದ್ದಾರೆ.

ಇಲ್ಲಿರುವ ಮೇಷ್ಟ್ರುಗಳಿಗೆ

ಇಷ್ಟು ಹೊತ್ತು ವಿದ್ಯಾರ್ಥಿಗಳಿಗೇ ಹೇಳಿದೆ. ಆದರೆ ಹೊರೆಯನ್ನೆಲ್ಲ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ನಾನ್ಸಿ ಶ್ಲಾಸ್‌ಬರ್ಗ್ ಎಂಬ ವಿದ್ವಾಂಸರು 1989ರಲ್ಲಿ ಬರೆದ ಒಂದು ವಿಷಯ ನಮ್ಮಂಥವರಿಗೇ ಇದೆ. ಹೊಸ ಜಾಗಕ್ಕೆ ಬಂದವರಿಗೆ ತಾವು ಅಂಚಿನಲ್ಲಿದ್ದೇವೆ ಅನ್ನಿಸುತ್ತದೆ. ತಾವು ಇಲ್ಲದಿದ್ದರೆ ಯಾರಿಗಾದರೂ ವ್ಯತ್ಯಾಸವಾಗುತ್ತದೆ ಅಂತ ಗೊತ್ತಾದಾಗ ಅದು ಕಮ್ಮಿಯಾಗುತ್ತದೆ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಲ್ಯಾಬಿನ ಗುಂಪುಗಳ ಪಟ್ಟಿಯನ್ನು ನೀವೇ ಮಾಡಿ ತನ್ನಿ. 'ಕಳೆದ ವರ್ಷ ನೋಡಿದ್ದೀರಿ' ಎನ್ನುವ ಮುಂಚೆ ಒಂದು ಸಲ 'ನೋಡದವರು ಇದ್ದೀರಾ?' ಅಂತ ಕೇಳಿ. ಎರಡನೇ ವರ್ಷಕ್ಕೆ ಬಂದವರನ್ನು ಮೊದಲ ವರ್ಷದ ಹೊಸಬರ ಜೊತೆ ಕೂರಿಸಿ ಕ್ಯಾಂಪಸ್ ತೋರಿಸುವುದನ್ನು ಬಿಡಿ. ಅವರಿಗೆ ಬೇಕಾದದ್ದು ಬೇರೆ. ಕ್ರೆಡಿಟ್ ತೀರ್ಮಾನಗಳು ಕೋರ್ಸ್ ನೋಂದಣಿಗೆ ಮೊದಲೇ ಅವರ ಕೈ ಸೇರುವಂತೆ ನೋಡಿಕೊಳ್ಳಿ. ನೋಂದಣಿ ಮುಗಿದ ಮೇಲೆ ಬರುವ ಹಾಳೆಯಿಂದ ಯಾರಿಗೆ ಏನು ಉಪಯೋಗ?

ಸಭೆಯಲ್ಲಿ ಬಂದ ಪ್ರಶ್ನೆಗಳು

ಒಬ್ಬ ವಿದ್ಯಾರ್ಥಿನಿ ಕೇಳಿದರು: ನಾನು ಟ್ರಾನ್ಸ್‌ಫರ್ ಆಗಿ ಬಂದವಳು ಅಂತ ಎಲ್ಲರಿಗೂ ಹೇಳಬೇಕಾ? ಹೇಳಿದರೆ ಕೀಳಾಗಿ ನೋಡುತ್ತಾರೇನೋ.

ಹೇಳಿ, ಅದರಲ್ಲೂ ಮೇಷ್ಟ್ರುಗಳಿಗೆ ಮೊದಲ ಎರಡು ವಾರದಲ್ಲೇ ಹೇಳಿ. ಹೇಳದಿದ್ದರೆ ನಿಮ್ಮ ಪ್ರಶ್ನೆ ಅವರಿಗೆ ಓದದವರ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ಹೇಳಿದರೆ ಬೇರೆ ಕಡೆ ಓದಿದವರ ಪ್ರಶ್ನೆಯಾಗುತ್ತದೆ. ಉದ್ದ ಕಥೆ ಬೇಡ. 'ಸರ್, ನಾನು ಈ ವರ್ಷ ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದೇನೆ. ಈ ಎರಡು ಭಾಗ ಅಲ್ಲಿ ಆಗಿಲ್ಲ. ಯಾವ ಪುಸ್ತಕ ನೋಡಲಿ?' ಇಷ್ಟು ಸಾಕು. ಸಹಪಾಠಿಗಳಿಗೂ ಹೇಳಿ. ನೀವು ಹೊಸಬರು ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಕಳೆದ ವರ್ಷವೂ ಇದ್ದಿರಿ, ತಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ ಅಂದುಕೊಂಡಿರುತ್ತಾರೆ.

ಇನ್ನೊಬ್ಬರು ಕೇಳಿದರು: ಒಂಟಿತನ ತಾನಾಗೇ ಹೋಗುತ್ತೆ ಅಂತ ಎಲ್ಲಿಯವರೆಗೆ ಕಾಯುವುದು?

ಬೇಜಾರು, ಹಳೆಯ ಜಾಗದ ನೆನಪು, ಭಾನುವಾರ ಸಂಜೆ ಮನಸ್ಸು ಕುಗ್ಗುವುದು, ಇವಕ್ಕೆ ಕಾಯಬಹುದು. ಆದರೆ ಎರಡು ವಾರ ಕಳೆದರೂ ನಿದ್ದೆ ಸರಿಯಾಗಿ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಕ್ಲಾಸಿಗೆ ಹೋಗಲು ಹಾಸಿಗೆಯಿಂದ ಏಳಲೇ ಆಗುತ್ತಿಲ್ಲ ಅಂದರೆ ಕಾಯಬೇಡಿ. ವಿದ್ಯಾರ್ಥಿ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ನೋಡಿ. ಬದುಕೇ ಬೇಡ ಅನ್ನಿಸಿದರೆ ಅವತ್ತೇ, ಆ ಹೊತ್ತಿಗೇ ಯಾರಿಗಾದರೂ ಹೇಳಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಜೊತೆಗೆ ಬರುವಂತೆ ಯಾರನ್ನಾದರೂ ಕೇಳಿ. ನನ್ನನ್ನು ಕೇಳಿದರೆ ನಾನೂ ಬರುತ್ತೇನೆ.

ಕೊನೆಯ ಪ್ರಶ್ನೆ ಮೂರನೇ ವರ್ಷಕ್ಕೆ ಬಂದ ಒಬ್ಬ ಹುಡುಗನದು. ನನಗೆ ಉಳಿದಿರುವ ಹೊತ್ತೇ ಕಮ್ಮಿ, ಇದೆಲ್ಲ ಮಾಡಿ ಪ್ರಯೋಜನ ಇದೆಯಾ ಎಂದು ಕೇಳಿದರು.

ಹೊತ್ತು ಕಮ್ಮಿ ಇರುವವರು ಹರಡಿಕೊಳ್ಳಬಾರದು. ಒಂದು ಗುಂಪು, ಒಬ್ಬ ಮೇಷ್ಟ್ರು, ಇಷ್ಟೇ ಆರಿಸಿಕೊಳ್ಳಿ. ಮೇಷ್ಟ್ರು ಯಾಕೆ ಅಂದರೆ, ಮುಂದೆ ಕೆಲಸಕ್ಕೋ ಉನ್ನತ ಓದಿಗೋ ಅರ್ಜಿ ಹಾಕುವಾಗ ಶಿಫಾರಸು ಪತ್ರ ಕೇಳುತ್ತಾರೆ. ಮೊದಲಿನಿಂದ ಇಲ್ಲಿರುವವರನ್ನು ಮೇಷ್ಟ್ರುಗಳು ವರ್ಷಗಟ್ಟಲೆ ನೋಡಿರುತ್ತಾರೆ. ನಿಮ್ಮನ್ನು ಕೆಲವೇ ತಿಂಗಳು ನೋಡಿರುತ್ತಾರೆ. ಆದ್ದರಿಂದ ಚಿಕ್ಕ ಕ್ಲಾಸು ಇರುವ, ಪ್ರಾಜೆಕ್ಟ್ ಮಾಡಿಸುವ ಒಬ್ಬರ ಕೋರ್ಸನ್ನು ಈ ಸೆಮಿಸ್ಟರ್‌ನಲ್ಲೇ ತೆಗೆದುಕೊಳ್ಳಿ. ಅವರು ವಿದ್ಯಾರ್ಥಿಗಳಿಗೆ ಇಟ್ಟಿರುವ ಸಮಯದಲ್ಲಿ ಹೋಗಿ ಮಾತಾಡಿ. ಹಳೆಯ ವಿಶ್ವವಿದ್ಯಾಲಯದಲ್ಲಿ ನಿಮ್ಮನ್ನು ಚೆನ್ನಾಗಿ ಬಲ್ಲ ಮೇಷ್ಟ್ರು ಇದ್ದರೆ ಅವರ ಜೊತೆಗೂ ಸಂಪರ್ಕ ಇಟ್ಟುಕೊಳ್ಳಿ, ಎರಡನೇ ಪತ್ರ ಅವರಿಂದ ಬರಬಹುದು. ಇಬ್ಬರಿಗೂ ನೀವು ಮಾಡಿದ ಕೆಲಸದ ಒಂದು ಪ್ರತಿ ಕೊಟ್ಟಿಡಿ. ಪತ್ರ ಬರೆಯಲು ಕೂತಾಗ ಅವರಿಗೆ ಬೇಕಾಗುವುದು ಅದೇ.